ತೊಲೆಗೆ ಎಟುಕದ ಹೆಗಲು

ಸಾನ್ ಗ್ರೆಗೋರಿಯೊ ಚರ್ಚಿನಿಂದ ಸಾಂತಾ ಬ್ರಿಹಿದಾ ಚರ್ಚಿಗೆ ನಾಲ್ಕೇ ಬೀದಿ. ಒಲೆಯ ಮೇಲೆ ಕಾಳು ಬೇಯಲಿಟ್ಟು ಹೊರಟು, ಎರಡೂ ಕಡೆ ಮೇಣದಬತ್ತಿ ಹಚ್ಚಿ, ದಾರಿಯಲ್ಲಿ ಸಿಕ್ಕ ಹೆಂಗಸರ ಜೊತೆ ಅವರವರ ಸೊಸೆಯರ ಪುರಾಣ ಮುಗಿಸಿ, ಬಿಸಿ ತೊರ್ತಿಯಾ ರೊಟ್ಟಿ ಕಟ್ಟಿಸಿಕೊಂಡು ಬಂದರೂ ಕಾಳು ಇನ್ನೂ ಬೆಂದಿರುವುದಿಲ್ಲ. ಅದೇ ನಾಲ್ಕು ಬೀದಿ ದಾಟಲು ನಮ್ಮ ಗಂಡಸರಿಗೆ ಶುಭ ಶುಕ್ರವಾರದ ಇಡೀ ಬೆಳಗು ಸಾಲದು. ಈ ಚರ್ಚಿನಿಂದ ಶಿಲುಬೆ ಹೊತ್ತ ಸ್ವಾಮಿ ಗಂಡಸರ ಹೆಗಲ ಮೇಲೆ ಹೊರಡಬೇಕು, ಆ ಚರ್ಚಿನಿಂದ ವ್ಯಾಕುಲ ಮಾತೆ ಹೆಂಗಸರ ಹೆಗಲ ಮೇಲೆ ಹೊರಡಬೇಕು, ಸಾಂತಾ ಬ್ರಿಹಿದಾದ ಮುಂದಿನ ಚೌಕದಲ್ಲಿ ತಾಯಿ ಮಗ ಎದುರಾಗಬೇಕು. ಇಷ್ಟೇ ಕೆಲಸ. ತಾಯಿ ಹೊರಟ ಮೇಲೆ ಹೊರಡೋಣ ಎಂದು ಇವರು, ಮಗ ಹೊರಟ ಮೇಲೆ ಹೊರಡೋಣ ಎಂದು ಅವರು. ಎರಡೂ ಬಾಗಿಲಲ್ಲಿ ಜನ ಬಿಸಿಲಿಗೆ ಬೇಯುತ್ತಾ ನಿಂತಿರುತ್ತಾರೆ. ಮದುವೆಯಾದಾಗಿನಿಂದ ಈ ನಾಟಕ ನೋಡುತ್ತಿದ್ದೇನೆ, ಪ್ರತಿ ವರ್ಷವೂ ತಲೆ ಚಿಟ್ಟು ಹಿಡಿಯುತ್ತದೆ.

ನನ್ನ ಗಂಡ ನಾಬೋರ್ ಆ ಗಂಡಸರಲ್ಲಿ ಒಬ್ಬ. ಸ್ವಾಮಿಯ ಪಲ್ಲಕ್ಕಿಗೆ ಎರಡು ಉದ್ದನೆಯ ತೊಲೆಗಳಿವೆ. ಎಡಗಡೆ ತೊಲೆಯ ಮುಂದಿನ ತುದಿ ಅವನದು. ಎಲ್ಲರ ಕಣ್ಣೂ ಮೊದಲು ಬೀಳುವ ಜಾಗ. ಒಂದು ಕಾಲದಲ್ಲಿ ಆ ಜಾಗಕ್ಕೆ ಅವನು ತಕ್ಕವನೇ ಆಗಿದ್ದ. ಎತ್ತರದ ಆಳು, ಹಲಗೆಯಂಥ ಹೆಗಲು. ನಮ್ಮ ಪುಯೆಬ್ಲಾ ಊರಿನ ಬಸ್ಸುಗಳಲ್ಲಿ ತಲೆ ತಗ್ಗಿಸದೆ ನಿಲ್ಲಲಾಗುತ್ತಿರಲಿಲ್ಲ.

ಬದುಕಿಗೆ ಬೀಗ ರಿಪೇರಿ. ನಮ್ಮ ಮನೆಯ ಹೆಬ್ಬಾಗಿಲ ಪಡಸಾಲೆಯಲ್ಲೇ ಒಂದು ಮೇಜು, ಅರಗಳು, ಗೋಡೆ ತುಂಬ ನೇತು ಹಾಕಿದ ಕೀಲಿಕೈಗಳು. ಕೆಲಸದಲ್ಲಿ ಬೆರಳು ತೋರಿಸುವಂತಿಲ್ಲ. ಅವನ ರೋಗ ಬೇರೆ. ಮಾತು ಕೊಡುವ ರೋಗ. ಕೊಟ್ಟ ಮಾತಿಗೆ ಇಂತಿಷ್ಟು ದಿನ ಎಂಬ ಕೊನೆಯೇ ಇರುವುದಿಲ್ಲ. ಮೂಲೆಮನೆಯ ವಿಧವೆಗೆ ಯಾವುದೋ ಕಾಲದಲ್ಲಿ, "ಈ ಬೀಗ ಕೆಟ್ರೆ ಯಾವಾಗ್ಲಾದ್ರೂ ಕರೀರಿ, ನಾನಿದೀನಿ" ಎಂದಿದ್ದ. ಆಕೆ ಸತ್ತು, ಮನೆ ಮಾರಿ, ಕೊಂಡವರು ಇನ್ನೊಬ್ಬರಿಗೆ ಮಾರಿ ಆಯಿತು. ಆ ಬೀಗ ಕೆಟ್ಟರೆ ಈಗಲೂ ಇವನೇ ಓಡುತ್ತಾನೆ. ಕೇಳಿದರೆ, "ಮಾತು ಕೊಟ್ಟಿದ್ದು ಬೀಗಕ್ಕೆ ಕಣೇ, ಆಯಮ್ಮನಿಗಲ್ಲ" ಎನ್ನುತ್ತಾನೆ. ಇಂಥವನ ಜೊತೆ ಬಾಳುವೆ ಮಾಡಿದವಳು ನಾನು, ಮಾಕ್ಲೋವಿಯಾ, ಹೊಲಿಗೆಯವಳು. ಸ್ವರ್ಗದಲ್ಲಿ ನನಗೊಂದು ಒಳ್ಳೆಯ ಕುರ್ಚಿ ಕಾದಿರಿಸದಿದ್ದರೆ ಅಲ್ಲೂ ಜಗಳ ತೆಗೆಯುವವಳೇ.

ನಮ್ಮ ಮಗಳು ಅಂಪಾರೊ ಏಳೇ ತಿಂಗಳಿಗೆ ಹುಟ್ಟಿದಳು. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಸುವಷ್ಟಿದ್ದಳು. ಬಣ್ಣವೋ ನೀಲಿ. ಮನೆಗೆ ಕರೆದುಕೊಂಡು ಹೋಗಿ, ದೇವರಿದ್ದಾನೆ ಎಂದರು ಡಾಕ್ಟರು. ಅದರ ಅರ್ಥ ನನಗೂ ಗೊತ್ತಾಯಿತು, ನಾಬೋರ್‌ಗೂ ಗೊತ್ತಾಯಿತು. ಮಗುವನ್ನು ಹತ್ತಿಯಲ್ಲಿ ಸುತ್ತಿ, ಶೂ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದ ಬೇಕರಿಯವರ ಒಲೆಯ ಕಾವಿನಲ್ಲಿಟ್ಟು ನಾನು ಕೂತೆ. ಅವನು ಸಾನ್ ಗ್ರೆಗೋರಿಯೊಗೆ ಓಡಿದ. ಹರಕೆ ಹೊತ್ತು ಬಂದ.

ಎಲ್ಲರೂ ಹರಕೆ ಹೊರುತ್ತಾರೆ, ತಪ್ಪೇನಿಲ್ಲ. ಮೂರು ವರ್ಷ ಹೆಗಲು ಕೊಡ್ತೀನಿ ಸ್ವಾಮಿ ಎನ್ನುತ್ತಾರೆ. ಬುದ್ಧಿವಂತರು ಒಂದು ವರ್ಷಕ್ಕೇ ಮುಗಿಸುತ್ತಾರೆ. ನಮ್ಮ ಮಹಾನುಭಾವ ಏನೆಂದು ಬಂದಿದ್ದ ಗೊತ್ತೇ?

"ಈ ಮಗು ಉಸಿರಾಡೋವರೆಗೂ ನನ್ನ ಹೆಗಲು ನಿನ್ನ ತೊಲೆ ಕೆಳಗೆ ಅಂದ್ಬಿಟ್ಟೆ."

"ಉಸಿರಾಡೋವರೆಗೂ? ಅವಳಿಗೆ ತೊಂಬತ್ತಾದ್ರೆ?"

"ಆಗ್ಲಿ ಅಂತಾನೇ ಅಲ್ವೇನೇ ಹೇಳಿದ್ದು" ಎಂದ.

ಅಷ್ಟರಲ್ಲಿ ಮಗು ಅತ್ತಿತು. ಅದೇ ಮೊದಲ ಸಲ ಗಟ್ಟಿಯಾಗಿ ಅತ್ತಿದ್ದು.

ಅಂಪಾರೊ ಬದುಕಿದಳು. ಬದುಕಿದಳೆಂದರೆ ಅಷ್ಟಿಷ್ಟಲ್ಲ. ಅವಳ ಅಪ್ಪನ ಎತ್ತರ ಬಂತು, ನನ್ನ ಬಾಯಿ ಬಂತು. ಪ್ರತಿ ಹುಟ್ಟುಹಬ್ಬಕ್ಕೆ ನಾಬೋರ್ ಅವಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಅರದಿಂದ ಒಂದು ಗೆರೆ ಕೊರೆಯುತ್ತಿದ್ದ. "ನೆಟ್ಟಗೆ ನಿಂತ್ಕೊ, ಹಿಮ್ಮಡಿ ಎತ್ಬೇಡ ಕಳ್ಳಿ" ಎಂದು ಬೈಯುತ್ತಿದ್ದ. ಹದಿನೆಂಟರ ಗೆರೆ ಅವನ ಹುಬ್ಬಿನ ಮಟ್ಟಕ್ಕೇ ಬಂತು. ಈಗ ಅವಳಿಗೆ ನಲವತ್ತು ದಾಟಿದೆ. ಸಾಂತಾ ಬ್ರಿಹಿದಾ ಮೂಲೆಯಲ್ಲಿ ಎಣ್ಣೆ ಬಾಣಲೆ ಇಟ್ಟುಕೊಂಡು ಹೂರಣ ತುಂಬಿದ ಮೊಲೋತೆ ಕರಿದು ಮಾರುತ್ತಾಳೆ. ಹಬ್ಬದ ದಿನ ವ್ಯಾಕುಲ ಮಾತೆಯ ಪಲ್ಲಕ್ಕಿಗೆ ಅವಳೇ ಮುಂದಾಳು. ಎತ್ತರದ ಹೆಂಗಸು ಇನ್ನೊಬ್ಬಳು ಸಿಕ್ಕಿಲ್ಲ.

ಇವಳು ಎತ್ತರವಾಗುತ್ತಾ ಹೋದಳು, ಅವನು ಕುಗ್ಗುತ್ತಾ ಹೋದ. ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಯಿತೋ, ವಯಸ್ಸಿಗೆ ಎಲುಬು ಸವೆಯಿತೋ, ಆರೇಳು ವರ್ಷದ ಕೆಳಗೆ ಒಂದು ಶುಭ ಶುಕ್ರವಾರ ನೋಡುತ್ತೇನೆ, ತೊಲೆಗೂ ಅವನ ಹೆಗಲಿಗೂ ನಡುವೆ ಬೆಳಕು ಕಾಣುತ್ತಿದೆ. ಉಳಿದವರೆಲ್ಲ ಒಂದೇ ಎತ್ತರದವರು, ಆರಿಸಿ ತಂದ ಆಳುಗಳು. ಇವನು ತೊಲೆಯ ಕೆಳಗೆ ಸುಮ್ಮನೆ ನಡೆಯುತ್ತಿದ್ದಾನೆ, ಚಪ್ಪರದ ಕೆಳಗೆ ಹೋದ ಹಾಗೆ.

ಮನೆಗೆ ಬಂದವನೇ ಹೇಳಿದ. "ದಿಂಬು ಸ್ವಲ್ಪ ತೆಳ್ಳಗಾಗಿದೆ ಕಣೇ. ಹತ್ತಿ ತುಂಬು."

ಹೆಗಲ ಮೇಲೆ ಹಾಕಿಕೊಳ್ಳುವ ದಿಂಬು ಅದು, ತೊಲೆ ಒತ್ತಬಾರದೆಂದು. ಮುಂದಿನ ವರ್ಷ ಒಂದು ಬೆರಳು ಹೆಚ್ಚು ತುಂಬಿದೆ. ಅದರ ಮುಂದಿನ ವರ್ಷ ಇನ್ನೊಂದು ಬೆರಳು. ಹೋದ ವರ್ಷದ ಹೊತ್ತಿಗೆ ಅದು ದಿಂಬಾಗಿರಲಿಲ್ಲ, ಹೆಗಲ ಮೇಲೆ ಕೂತ ಕೊಬ್ಬಿದ ಬೆಕ್ಕಾಗಿತ್ತು. ತೊಲೆ ದಿಂಬಿಗೆ ತಾಗುತ್ತಿತ್ತು, ಅಷ್ಟೇ. ಹತ್ತಿ ಭಾರ ಹೊರುತ್ತದೆಯೇ? ಒತ್ತಿದರೆ ಅಮುಕಿಕೊಳ್ಳುತ್ತದೆ. ಅವನ ಪಾಲಿನ ಭಾರವೆಲ್ಲ ಅದೇ ತೊಲೆಗೆ ಅವನ ಹಿಂದೆ ಹೆಗಲು ಕೊಡುವ ಫೆರ್ಮೀನ್‌ನ ಬೆನ್ನಿಗೆ.

"ಬಿಡು ಮುದುಕಪ್ಪ, ಸಾಕು. ಹೊತ್ತಿದ್ದು ಸಾಕು" ಎಂದು ಬಾಯಿ ಬಡಿದುಕೊಂಡೆ.

"ಬಿಟ್ಟೆ ಅಂತಿಟ್ಕೊ. ಆ ವರ್ಷ ಏನಾಯ್ತು?"

ಆ ವರ್ಷ. ಒಂದೇ ಒಂದು ವರ್ಷ ಹರ್ನಿಯಾ ಆಪರೇಷನ್ ಆಗಿ ಅವನು ಹಾಸಿಗೆ ಹಿಡಿದಿದ್ದ, ಹೆಗಲು ಕೊಡಲಾಗಿರಲಿಲ್ಲ. ಮೇ ತಿಂಗಳಲ್ಲಿ ಅಂಪಾರೊಗೆ ಅಪೆಂಡಿಕ್ಸ್ ಒಡೆಯಿತು. ಹೊಟ್ಟೆಯೆಲ್ಲ ವಿಷವಾಗಿ, ಉಳಿಯುತ್ತಾಳೋ ಇಲ್ಲವೋ ಎನ್ನುವಂತಾಗಿತ್ತು. ಅಪೆಂಡಿಕ್ಸಿಗೂ ಪಲ್ಲಕ್ಕಿಯ ತೊಲೆಗೂ ಏನು ಸಂಬಂಧ ಎಂದು ನಾನು ಕೇಳುತ್ತೇನೆ, ಜೋರಾಗಿಯೇ ಕೇಳುತ್ತೇನೆ. ಕೇಳಿ ಒಳಗೆ ಹೋಗಿ ದಿಂಬಿಗೆ ಹತ್ತಿ ತುಂಬುತ್ತೇನೆ. ಯಾಕೆಂದು ಯಾರೂ ಕೇಳಬೇಡಿ. ನಾನೂ ಹೆತ್ತವಳು.

ಅಂಪಾರೊ ಮಾತ್ರ ಇದನ್ನು ಕೇಳಿದರೆ ಉರಿದು ಬೀಳುತ್ತಾಳೆ.

"ಅಪ್ಪಾ, ನನ್ನ ನೋಡು. ತುಂಬಿದ ಗ್ಯಾಸ್ ಸಿಲಿಂಡರ್ ಒಬ್ಳೇ ಹೊತ್ಕೊಂಡು ಮೂರನೇ ಮಹಡಿ ಹತ್ತೀನಿ. ನಾನು ಸಾಯೋ ಥರ ಕಾಣ್ತೀನಾ?"

"ಸಾಯ್ತೀಯ ಅಂತ ಯಾರಂದ್ರು? ಸಾಯ್ಬಾರ್ದು ಅಂತ ಹೊರ್ತಿರೋದು."

"ನಾನು ಬದುಕಿರೋದೇ ನಿನ್ನ ಹೆಗಲಿನಿಂದ ಅನ್ನೋ ಹಾಗೆ ಮಾತಾಡ್ತೀಯಲ್ಲ, ನನಗೆ ಎಷ್ಟು ಸಿಟ್ಟು ಬರತ್ತೆ ಗೊತ್ತಾ?"

"ಸಿಟ್ಟು ಬರ್ಲಿ. ಉಸಿರಿದ್ದವರಿಗೇ ಸಿಟ್ಟು ಬರೋದು" ಎಂದು ಅರ ಎತ್ತಿಕೊಂಡು ಕೀಲಿಕೈ ಉಜ್ಜತೊಡಗಿದ.

ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಪಾದ್ರಿಯನ್ನು ಹಿಡಿದು ಮನೆಗೆ ಕರೆದೆ. ಅಂಜೂರದ ಜಾಮು, ಚಾಕೊಲೇಟು ಎಲ್ಲ ಇಟ್ಟು ಕೂರಿಸಿದೆ. ಅವರು ಮೆಲ್ಲಗೆ ಶುರು ಮಾಡಿದರು. "ದೋನ್ ನಾಬೋರ್, ನಿಮ್ಮ ಹರಕೆ ಎಂದೋ ಸಂದಿದೆ. ನಾನು ನಿಮಗೆ ಅದರಿಂದ ಬಿಡುಗಡೆ ಕೊಡ್ತೀನಿ."

"ನಾನು ಮಾತು ಕೊಟ್ಟಿದ್ದು ನಿಮಗಲ್ವಲ್ಲ ಫಾದರ್."

"ದೇವರ ಪರವಾಗಿ ನಾನು..."

"ಆಗ ನೀವಿನ್ನೂ ಹುಟ್ಟೇ ಇರ್ಲಿಲ್ಲ ಫಾದರ್" ಎಂದ, ಮರ್ಯಾದೆಯಿಂದಲೇ. ಪಾದ್ರಿ ಜಾಮು ತಿಂದು ಎದ್ದು ಹೋದರು.

ಈ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ಹೆಗಲಿನವರ ಸಂಘದ ಮುಖ್ಯಸ್ಥ ಎವಾರಿಸ್ತೊ ನನ್ನ ಹೊಲಿಗೆ ಕೋಣೆಗೆ ಬಂದ. ಅಂಪಾರೊಗೆ ಜ್ಞಾನಸ್ನಾನದ ತಂದೆ ಅವನೇ. ಹಾಗಾಗಿ ನಾನು ಅವನಿಗೆ ಕೊಮಾದ್ರೆ, ಅವನು ನನಗೆ ಕೊಂಪಾದ್ರೆ. ಕಂಕುಳಲ್ಲಿ ನೇರಳೆ ಬಣ್ಣದ ಬಟ್ಟೆಯ ದೊಡ್ಡ ಸುರುಳಿ.

"ಕೊಮಾದ್ರೆ, ಈ ಸಲ ಎಲ್ಲರಿಗೂ ಒಂದೇ ಥರ ದಿಂಬು ಅಂತ ತೀರ್ಮಾನ ಆಗಿದೆ. ನೋಡೋಕೆ ಚೆಂದ. ನಿಮ್ಮ ಕೈಯಂಥ ಕೈ ಈ ಕೇರಿಯಲ್ಲಿ ಇನ್ಯಾರಿಗಿದೆ?"

"ದಪ್ಪ ಎಷ್ಟು?"

"ಎರಡು ಬೆರಳು ಸಾಕು" ಎಂದು ನೆಲ ನೋಡಿದ.

ಹೊಗಳಿದರೆ ಉಬ್ಬುವ ಹೆಂಗಸು ನಾನು. ಕೂತು ಹೊಲಿದೆ. ಅರ್ಧ ರಾಶಿ ಹೊಲಿದು, ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸುವಾಗ ತಲೆಗೆ ಹೊಳೆಯಿತು. ಎರಡು ಬೆರಳು! ನನ್ನ ಗಂಡನ ಹೆಗಲಿಗೆ ಒಂದು ಗೇಣು ಬೇಕು. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲದೆ, ತೊಲೆ ತಾಗದಿದ್ದರೆ ತಾನಾಗಿಯೇ ಸರಿಯುತ್ತಾನೆ ಎಂದು ಲೆಕ್ಕ ಹಾಕಿದ್ದಾರೆ. ಅದನ್ನು ನನ್ನ ಕೈಯಲ್ಲೇ ಹೊಲಿಸುತ್ತಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಎದೆಗೆ ಸಿಕ್ಕಿಸಿದ್ದ ಸೂಜಿಗಳನ್ನೂ ತೆಗೆಯದೆ ಎವಾರಿಸ್ತೊನ ಕಬ್ಬಿಣದ ಸಾಮಾನಿನ ಅಂಗಡಿಗೆ ನುಗ್ಗಿದೆ.

"ಏನು ಕೊಂಪಾದ್ರೆ, ನನ್ನ ಗಂಡನ ಕುತ್ತಿಗೆ ಕೊಯ್ಯೋಕೆ ನನ್ನ ಕತ್ತರೀನೇ ಬೇಕಿತ್ತಾ?"

ಅಂಗಡಿಯಲ್ಲಿದ್ದ ಗಿರಾಕಿ ಮೊಳೆ ಬಿಟ್ಟು ಹೊರಗೆ ಹೋದ. ಎವಾರಿಸ್ತೊ ಕೈ ಮುಗಿಯುವುದೊಂದು ಬಾಕಿ.

"ಮೆಲ್ಲಗೆ ಕೊಮಾದ್ರೆ. ಫೆರ್ಮೀನ್‌ನ ಬೆನ್ನು ನೋಡಿದೀರಾ? ಡಾಕ್ಟರು ಬೆಲ್ಟ್ ಕಟ್ಟಿ ಕಳಿಸಿದಾರೆ. ಅವನು ಇಬ್ಬರ ಭಾರ ಹೊರ್ತಿದಾನೆ. ಒಂದು ದಿನ ಅವನು ಕುಸಿದ್ರೆ ಸ್ವಾಮಿ ಬೀದಿಗೆ ಬೀಳ್ತಾನೆ."

"ಹಾಗಾದ್ರೆ ಅದನ್ನೇ ಅವನಿಗೆ ಹೇಳಿ."

"ನಾನು ಹೇಗೆ ಹೇಳ್ಲಿ? ಅಂಪಾರೊ ನನ್ನ ಮಡಿಲಲ್ಲಿ ಜ್ಞಾನಸ್ನಾನ ಆದ ಮಗು. ನೀವೇ ಹೇಳಿ."

"ನಾನು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಫೆರ್ಮೀನ್ ಹೇಳ್ಲಿ."

"ಅವನ ಬಾಯಲ್ಲಿ ಬರತ್ತಾ? ಅವನ ಮನೆ ಬೀಗ ಇಷ್ಟು ವರ್ಷ ದೋನ್ ನಾಬೋರ್ ದುಡ್ಡು ತಗೊಳ್ದೆ ರಿಪೇರಿ ಮಾಡಿದಾರೆ."

ಇದು ನಮ್ಮ ಕೇರಿ. ಸಾಯುವವರೆಗೂ ಭಾರ ಹೊರುತ್ತಾರೆ, ಮುಖ ನೋಡಿ ಒಂದು ಮಾತು ಹೇಳುವುದಿಲ್ಲ. ಲಾಂದ್ರ ಹಿಡಿಯಿರಿ, ಧೂಪ ಹಾಕಿರಿ ಎಂದು ಸುತ್ತಿ ಬಳಸಿ ಹಿಂದೆ ಹೇಳಿ ನೋಡಿದ್ದರು. "ನನ್ನ ಹರಕೆ ಲಾಂದ್ರದ್ದಲ್ಲ" ಎಂದು ಇವನು ಒಂದೇ ಮಾತಿಗೆ ಮುಗಿಸಿದ್ದ.

ಹೊಲಿಗೆ ಮುಗಿಸಿ, ಅವನ ದಿಂಬನ್ನು ಅವನ ಕೈಗೇ ಕೊಟ್ಟೆ. ಕೂಗಾಡಲಿ, ಎಸೆಯಲಿ, ಎವಾರಿಸ್ತೊನ ಮನೆಗೆ ಹೋಗಿ ಜಗಳ ಮಾಡಲಿ ಎಂದು ಕಾದೆ. ಹೆಗಲ ಮೇಲಿಟ್ಟುಕೊಂಡ. ಬೆರಳಿಂದ ದಪ್ಪ ನೋಡಿದ. ಮೇಲಕ್ಕೆ, ತೊಲೆ ಇರಬೇಕಾದ ಕಡೆ ಒಮ್ಮೆ ನೋಡಿದ.

"ಚೆನ್ನಾಗಿ ಹೊಲ್ದಿದೀಯ" ಎಂದ.

"ಹಳೇದನ್ನೇ ಹಾಕ್ಕೊಂಡು ಹೋಗು. ಯಾರೇನು ಕಿತ್ಕೋತಾರೆ ನೋಡೋಣ."

"ಎಲ್ಲರಿಗೂ ಒಂದೇ ಅಂತ ಸಂಘದ ತೀರ್ಮಾನ ಅಲ್ವಾ. ಮೀರೋಕಾಗತ್ತಾ?"

ಪಾದ್ರಿಯ ಮಾತು ಮೀರಬಹುದು, ಹೆಂಡತಿಯ ಮಾತು ಮೀರಬಹುದು, ಎರಡು ಬೆರಳಿನ ದಿಂಬಿನ ಮಾತು ಮೀರಬಾರದು! ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಶುಭ ಶುಕ್ರವಾರ ಬಂತು. ಹಿಂದಿನ ದಿನವೆಲ್ಲ ನಮ್ಮ ಜ್ವಾಲಾಮುಖಿ, ದೋನ್ ಗೋಯೊ, ಕೆಮ್ಮುತ್ತಲೇ ಇದ್ದ. ಬೀದಿಯ ಕಲ್ಲುಗಳ ಮೇಲೆ ಬೂದಿ, ಅದರ ಮೇಲೆ ಉದುರಿದ ನೇರಳೆ ಜಕರಂಡ ಹೂವು. ಕಾಲಿಟ್ಟರೆ ಜಾರುತ್ತದೆ. ಎಲ್ಲರೂ ಅವರವರ ಬಾಗಿಲು ಗುಡಿಸಿದ್ದರು, ನಡುಬೀದಿಯನ್ನು ಯಾರೂ ಗುಡಿಸಿರಲಿಲ್ಲ.

ಎಂದಿನ ಹಾಗೆ ಅವರು ಹೊರಡಲಿ, ಇವರು ಹೊರಡಲಿ ಎಂದು ಎಳೆದಾಡಿ, ಕೊನೆಗೆ ಸ್ವಾಮಿ ಸಾನ್ ಗ್ರೆಗೋರಿಯೊದ ಬಾಗಿಲು ದಾಟಿದ. ನಾನು ನಾಬೋರ್‌ನ ಪಕ್ಕಕ್ಕೇ ಫುಟ್‌ಪಾತ್ ಹಿಡಿದು ನಡೆದೆ, ಜಮಾಯಿಕಾ ಹೂವಿನ ತಂಪು ನೀರಿನ ಬಾಟಲಿ ಹಿಡಿದುಕೊಂಡು. ಎವಾರಿಸ್ತೊ ಮುಂದೆ ಗಂಟೆ ಹಿಡಿದು ಹೋಗುತ್ತಿದ್ದ. ತೊಲೆಗಳು ಹೆಗಲಿಗೇರಿದವು. ನಾಬೋರ್‌ನ ಹೆಗಲಿಗೂ ತೊಲೆಗೂ ನಡುವೆ ನನ್ನ ಕೈ ಹೋಗುವಷ್ಟು ಜಾಗ.

ಸರಿಯುತ್ತಾನೆ ಎಂದುಕೊಂಡಿದ್ದರು. ಅವನ ಹೆಂಡತಿಯಾದ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಎರಡೂ ಕೈ ಮೇಲೆತ್ತಿದ. ಅಂಗೈ ಎರಡನ್ನೂ ತೊಲೆಯ ಅಡಿಗೆ ಒತ್ತಿ ಹಿಡಿದ. ಹಾಗೆಯೇ ನಡೆಯತೊಡಗಿದ. ಎಪ್ಪತ್ತು ದಾಟಿದ ಮುದುಕ!

"ಇಳಿಸೋ ಕೈನ! ತಲೆ ಕೆಟ್ಟಿದೆಯಾ ನಿನಗೆ?"

"ಸುಮ್ನೆ ಬಾರೇ, ಪ್ರಾರ್ಥನೆ ನಡೀತಿದೆ."

"ಪ್ರಾರ್ಥನೆಯಂತೆ! ರಟ್ಟೆ ಬಿದ್ದು ಹೋದ್ರೆ ಊಟ ಮಾಡಿಸೋಳು ನಾನು."

ಹಿಂದಿನಿಂದ ಫೆರ್ಮೀನ್ ಉಬ್ಬಸದಲ್ಲೇ, "ದೋನ್ ನಾಬೋರ್, ಕೈ ಇಳಿಸಿ ಮಾರಾಯ್ರೇ. ಯಾರೂ ನೋಡ್ತಿಲ್ಲ" ಎಂದ.

ನಾಬೋರ್ ಗದ್ದದಿಂದ ಮೇಲೆ ತೋರಿಸಿದ. "ನೋಡ್ತಿದಾನಲ್ಲ."

ಮೊದಲ ಬೀದಿ ಮುಗಿಯಿತು. ಎರಡನೆಯ ಬೀದಿಯ ಕೊನೆಗೆ ಸಾನ್ ಪಾಂತಾಲಿಯೊನ್, ಎರಡು ಮನೆಗಳ ನಡುವೆ ಸಿಕ್ಕಿಕೊಂಡಿರುವ ಹಳೆಯ ಪುಟ್ಟ ಚರ್ಚು. ಅಲ್ಲೊಂದು ನಿಲುಗಡೆ. ಎವಾರಿಸ್ತೊ ಗಂಟೆ ಬಡಿದ, ಎಲ್ಲರೂ ಕವೆಗೋಲು ಊರಿ ತೊಲೆಯನ್ನು ಅದರ ಮೇಲಿಟ್ಟು ಬೆವರು ಒರೆಸಿಕೊಂಡರು. ನಾಬೋರ್ ಕೈ ಇಳಿಸಿದ. ಬಾಟಲಿ ಕೊಟ್ಟೆ, ಹಿಡಿಯಲಾಗಲಿಲ್ಲ. ನಾನೇ ಬಾಯಿಗೆ ಹಿಡಿದೆ. ಅರ್ಧ ಅಂಗಿಯ ಮೇಲೆ ಹೋಯಿತು.

"ಇಲ್ಲೇ ಕೂತ್ಕೊ. ಎರಡು ಬೀದಿ ಹೊತ್ತಾಯ್ತು. ದೇವರೇನು ಸಾಲ ವಸೂಲಿಗೆ ಬಂದವನಲ್ಲ."

"ಇನ್ನು ಎರಡೇ ಬೀದಿ ಕಣೇ" ಎಂದ. ಅವನು ಗೋಗರೆದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದೆ.

ಮತ್ತೆ ಗಂಟೆ. ಮತ್ತೆ ಕೈ ಮೇಲೆ. ಮೂರನೆಯ ಬೀದಿಯಲ್ಲಿ ಸ್ವಲ್ಪ ಏರು. ಮುಖ ಕಪ್ಪಿಟ್ಟಿತು. ಮೊಣಕೈಗಳು ಕುಸಿಯತೊಡಗಿದವು. ಮೇಲೆತ್ತುತ್ತಾನೆ, ಮತ್ತೆ ಕುಸಿಯುತ್ತವೆ. ಬೇಕರಿಯ ಮುಂದೆ ಬರುವ ಹೊತ್ತಿಗೆ ಬಲಗೈ ಬಿತ್ತು. ಹಿಂದೆಯೇ ಎಡಗೈಯೂ ಬಿತ್ತು. ಎತ್ತಲು ನೋಡಿದ, ಎದೆಯವರೆಗೂ ಬರಲಿಲ್ಲ.

ತೊಲೆ ಅವನ ತಲೆಯ ಪಕ್ಕದಲ್ಲಿ, ಅವನನ್ನು ತಾಗದೆ, ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು. ಇವನು ಅದರ ಕೆಳಗೆ ಬರಿಗೈ ಜೋತು ಬಿಟ್ಟುಕೊಂಡು ಹೆಜ್ಜೆ ಹಾಕುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಕೈ ಏಳದು. ತಲೆಯೆತ್ತಿ ಮೇಲಿನವನ ಜೊತೆ ಮಾತಾಡುತ್ತಿದ್ದ.

"ನೋಡಿದೆಯಲ್ಲ, ನಾನಾಗಿ ಬಿಟ್ಟಿದ್ದಲ್ಲ. ಎಟುಕ್ತಿಲ್ಲ. ಏನಿದ್ರೂ ನನ್ನ ಮೇಲೆ ಹಾಕು. ಆ ಹುಡುಗಿ ಕಡೆ ನೋಡ್ಬೇಡ. ಅವಳನ್ನ ಬಿಟ್ಬಿಡು."

ನನಗೆ ಸಿಟ್ಟು ಬಂತು, ಬಂತೆಂದರೆ ಹುಟ್ಟಿದಾಗಿನಿಂದ ಬಂದಿರದಂಥ ಸಿಟ್ಟು. ಅವನ ಮೇಲಲ್ಲ. ಆ ಎತ್ತರದ ಗಂಡಸರ ಮೇಲೆ. ದೀಪದ ಕಂಬಗಳ ಹಾಗೆ ನೆಟ್ಟಗೆ, ಮುಖ ಮುಂದಕ್ಕೆ ಮಾಡಿಕೊಂಡು, ಏನೂ ಕಾಣದವರ ಹಾಗೆ ನಡೆಯುತ್ತಿದ್ದಾರೆ. ಎಲ್ಲರಿಗೂ ಕಾಣುತ್ತಿದೆ. ಎಲ್ಲರ ಕಣ್ಣೂ ಒದ್ದೆಯಾಗಿದೆ. ಒಬ್ಬನೂ ಬಾಯಿ ಬಿಡುತ್ತಿಲ್ಲ.

"ಲೋ!" ಎಂದು ಕಿರುಚಿದೆ. ಶುಭ ಶುಕ್ರವಾರ, ಮೌನದ ಮೆರವಣಿಗೆ, ತುಟಿಯಲ್ಲೇ ಜಪ ಮಾಡುತ್ತಿದ್ದವರೂ ನಿಲ್ಲಿಸಿದರು. "ಲೋ, ನಿಮಗೆ ಮೊಣಕಾಲು ಅಂತ ದೇವರು ಕೊಟ್ಟಿರೋದು ಯಾಕ್ರೋ? ಚರ್ಚಲ್ಲಿ ಊರೋಕೆ ಮಾತ್ರಾನಾ? ಬಗ್ರೋ! ಬಗ್ಗೋಕೆ ಬರಲ್ವಾ ನಿಮಗೆ? ಅವನು ಬೆಳೆಯಲ್ಲ ಕಣ್ರೋ ಇನ್ಮೇಲೆ, ನೀವೇ ಬಗ್ಗಬೇಕು!"

ಎವಾರಿಸ್ತೊ ತಿರುಗಿ ನೋಡಿದ. ಗಂಟೆ ಕೈಯಲ್ಲೇ ಉಳಿಯಿತು. ಪಾದ್ರಿ ಬಾಯಿ ತೆರೆದು ನಿಂತರು. ಆಗ ಬೆನ್ನಿಗೆ ಬೆಲ್ಟ್ ಕಟ್ಟಿದ ಆ ಫೆರ್ಮೀನ್, ಯಾರ ಸಲುವಾಗಿ ಇಷ್ಟೆಲ್ಲ ಆಯಿತೋ ಆ ಫೆರ್ಮೀನ್, ಹಿಂದಿನಿಂದ ಕೂಗಿದ.

"ಎಲ್ಲರೂ ಕೆಳಗೆ! ಒಂದೇ ಸಲ! ಈಗ!"

ಇಳಿದರು. ಎರಡೂ ತೊಲೆಯವರು, ಮುಂದಿನಿಂದ ಹಿಂದಿನವರೆಗೂ, ಮೊಣಕಾಲು ಮಡಚಿದರು. ಸ್ವಾಮಿ ಒಮ್ಮೆ ಅಲುಗಾಡಿ ಕೆಳಗೆ ಬಂದ. ತೊಲೆ ಬಂದು ನಾಬೋರ್‌ನ ಹೆಗಲ ಮೇಲೆ, ನಾನು ಹೊಲಿದ ಎರಡು ಬೆರಳಿನ ದಿಂಬಿನ ಮೇಲೆ, ಕೂತಿತು. ನಿಜವಾದ ಭಾರ. ಆರೇಳು ವರ್ಷದಿಂದ ಅವನು ಮರೆತಿದ್ದ ಭಾರ.

"ಅಯ್ಯಯ್ಯಪ್ಪಾ!" ಎಂದು ಕೂಗಿದ. "ಎಷ್ಟು ಭಾರ! ಮೆಲ್ಲಗ್ರಪ್ಪಾ, ಸಾಯಿಸ್ತೀರಾ?" ಮುಖ ನೋಡಬೇಕಿತ್ತು ನೀವು, ಲಾಟರಿ ಹೊಡೆದವನ ಮುಖ.

ಉಳಿದ ದಾರಿಯನ್ನು ಅವರು ಹಾಗೆಯೇ ನಡೆದರು, ಕುಕ್ಕರುಗಾಲಿನಲ್ಲಿ, ಬಾತುಕೋಳಿಗಳ ಹಾಗೆ. ಬೂದಿಯಲ್ಲಿ ಜಾರುತ್ತಾ, ತೇಕುತ್ತಾ, ಒಬ್ಬರಿಗೊಬ್ಬರು ಬೈದುಕೊಳ್ಳುತ್ತಾ. ನಡುವೆ ಎರಡು ಸಲ ಕವೆಗೋಲು ಊರಬೇಕಾಯಿತು. ಕವೆಗೋಲೂ ಉದ್ದವಾಗಿ, ಅದನ್ನು ಓರೆ ಮಾಡಿ ಊರಬೇಕಾಯಿತು. ಎಂದೂ ಇಷ್ಟು ತಡವಾಗಿರಲಿಲ್ಲ. ಆದರೆ ಬೀದಿಯ ಎರಡೂ ಕಡೆ ನಿಂತ ಜನ ಒಬ್ಬೊಬ್ಬರಾಗಿ ಮೊಣಕಾಲೂರತೊಡಗಿದರು. ಸ್ವಾಮಿ ಅವರ ತಲೆಗಳ ಮೇಲೆ ತೇಲುತ್ತಾ ಹೋಗುವುದನ್ನು ನೋಡಿದ್ದವರು ಅವರು. ಈ ಸಲ ಅವನು ತಗ್ಗಿ, ತೂಗಾಡಿ, ಹೆಜ್ಜೆ ಹೆಜ್ಜೆಗೂ ಬೀಳುತ್ತಾನೇನೋ ಎನ್ನುವ ಹಾಗೆ ಬರುತ್ತಿದ್ದ. ಕಿಟಕಿಯಲ್ಲಿದ್ದ ಮುದುಕಿಯೊಬ್ಬಳು, "ಸುಸ್ತಾಗಿಬಿಟ್ಟಿದಾನೆ ನನ್ನಪ್ಪ" ಎಂದು ಬಿಕ್ಕಿದಳು.

ಚೌಕದಲ್ಲಿ ವ್ಯಾಕುಲ ಮಾತೆ ಕಾದಿದ್ದಳು. ಮುಂದಿನ ತುದಿಯಲ್ಲಿ ಅಂಪಾರೊ. ಸ್ವಾಮಿ ಅಷ್ಟು ಕೆಳಗೆ ಬರುವುದನ್ನು ಕಂಡು ಏನೋ ಅನಾಹುತವಾಗಿದೆ ಎಂದು ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ತೊಲೆಯ ಕೆಳಗೆ ಅಪ್ಪ ಕಂಡ. ಅವನ ಹೆಗಲ ಮೇಲೆ ತೊಲೆ ಕಂಡಿತು. ಹಿಂದೆ ಮೊಣಕಾಲು ನಡುಗುತ್ತಿದ್ದ ಅಷ್ಟೂ ಗಂಡಸರು ಕಂಡರು.

ತಾಯಿ ಮಗನಿಗಿಂತ ಮೇಲೆ ನಿಂತು ನೋಡುವುದುಂಟೇ? ಅಂಪಾರೊ ಹಿಂದಿನವರ ಕಡೆ ಕತ್ತು ತಿರುಗಿಸಿ, "ಬಗ್ರೇ" ಎಂದಳು, ಮೆಲ್ಲಗೆ. ಹೆಂಗಸರೂ ಬಗ್ಗಿದರು. ಇಡೀ ಚೌಕದಲ್ಲಿ ನೆಟ್ಟಗೆ ನಿಂತು ಹೊತ್ತವನು ನಾಬೋರ್ ಒಬ್ಬನೇ. ಅಪ್ಪ ಮಗಳು ಒಂದೇ ಎತ್ತರದಲ್ಲಿ ಎದುರಾದರು. ಮೂರು ಸಲ ಬಾಗಿ ವಂದಿಸುವ ಶಾಸ್ತ್ರವನ್ನು ಅವತ್ತು ಯಾರೂ ಮಾಡಲಿಲ್ಲ. ಅದಕ್ಕಿಂತ ಬಗ್ಗಿದ್ದರೆ ಏಳಲಾಗುತ್ತಿರಲಿಲ್ಲ.

ಆಮೇಲಿನ ನನ್ನ ಗೋಳು ಕೇಳಬೇಕು. ವಾರವಿಡೀ ಕೇರಿಯ ಗಂಡಸರೆಲ್ಲ ಮೊಣಕಾಲು ಹಿಡಿದುಕೊಂಡು ಕುಂಟಿದರು. ಅವರ ಹೆಂಡತಿಯರು ದಾರಿಯಲ್ಲಿ ಸಿಕ್ಕಾಗ ನನ್ನನ್ನು ಒಂಥರಾ ನೋಡಿದರು. ಪಾದ್ರಿ ಕರೆದು, "ದೋನ್ಯಾ ಮಾಕ್ಲೋವಿಯಾ, ಮೆರವಣಿಗೆಯಲ್ಲಿ ಮೌನ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ನಾಬೋರ್‌ನ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬಂದವರಿಗೆಲ್ಲ ಅಂಗಿ ಸರಿಸಿ ತೋರಿಸಿದ. ಅಂಪಾರೊ ದಿನಾ ಸಂಜೆ ಬಾಣಲೆ ಇಳಿಸಿ ಬಂದು, ಬೈಯುತ್ತಲೇ ಎಣ್ಣೆ ಉಜ್ಜಿದಳು.

"ಮೆಲ್ಲಗೇ, ನೋಯತ್ತೆ" ಎಂದು ಇವನು.

"ನೋಯ್ಲಿ. ಉಸಿರಿದ್ದವರಿಗೇ ನೋಯೋದು" ಎಂದು ಅವಳು. ಅಷ್ಟು ವರ್ಷದ ಸೇಡು ತೀರಿಸಿಕೊಂಡಳು.

ಮೊನ್ನೆ ಎವಾರಿಸ್ತೊ ಮತ್ತು ಫೆರ್ಮೀನ್ ಇಬ್ಬರೂ ಬಂದರು. ಹೊಲಿಗೆ ಕೋಣೆಯ ಬಾಗಿಲಲ್ಲಿ ಟೋಪಿ ತಿರುಗಿಸುತ್ತಾ ನಿಂತರು. ಮುಖ್ಯವಾದ ಮಾತು ಬಾಯಿಗೆ ಬರುವ ಮೊದಲು ಮಳೆ, ಬೂದಿ, ಟೊಮೇಟೊ ಎಲ್ಲ ಆಯಿತು.

"ಬಾಯಿ ಬಿಡಿ ಕೊಂಪಾದ್ರೆ, ನನಗೆ ಕೆಲಸ ಇದೆ."

"ಏನಿಲ್ಲ ಕೊಮಾದ್ರೆ, ಮುಂದಿನ ವರ್ಷದ್ದು. ದೋನ್ ನಾಬೋರ್ ಅಷ್ಟ್ರಲ್ಲಿ ಇನ್ನೆಷ್ಟು... ಅಂದ್ರೆ, ಎಷ್ಟು ಎತ್ತರ ಇರ್ತಾರೆ ಅಂತ ಒಂದು ಅಂದಾಜು ಸಿಕ್ಕಿದ್ರೆ. ಹುಡುಗರು ಈಗಿನಿಂದಾನೇ ಅಭ್ಯಾಸ ಮಾಡ್ಕೋತಾರೆ."

"ಈ ಸಲ ಅಭ್ಯಾಸ ಇಲ್ದೆ ತೊಡೆ ಹಿಡ್ಕೊಂಡ್ಬಿಡ್ತು" ಎಂದ ಫೆರ್ಮೀನ್.

ಅಳತೆ ಕೊಡ್ತೀನಿ ಹೋಗಿ ಎಂದು ಬೈದು ಕಳಿಸಿದೆ. ಅವರು ಹೋದ ಮೇಲೆ ನಾಬೋರ್‌ನನ್ನು ಮೇಜಿನಿಂದ ಎಬ್ಬಿಸಿ ಅಡುಗೆಮನೆಗೆ ಕರೆದೆ. ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ಅವನ ಬೆನ್ನ ಹಿಂದೆ ಅಂಪಾರೊಳ ಗೆರೆಗಳು ಒಂದರ ಮೇಲೊಂದು. ನನ್ನ ಹೊಲಿಗೆಯ ಅಡಿಪಟ್ಟಿಯನ್ನು ಅವನ ತಲೆಯ ಮೇಲೆ ಅಡ್ಡ ಇಟ್ಟು ನೋಡಿದೆ. ಅವಳ ಹದಿನಾಲ್ಕನೆಯ ಹುಟ್ಟುಹಬ್ಬದ ಗೆರೆಗೆ ಬಂದು ನಿಂತಿತ್ತು.

"ನೆಟ್ಟಗೆ ನಿಂತ್ಕೊಳೋ" ಎಂದು ಗದರಿದೆ.

"ನೆಟ್ಟಗೇ ನಿಂತಿದೀನಿ ಕಣೇ" ಎಂದ.